ಮಗಳು ವರ್ಷಕ್ಕೊಂದು ಹೊಸ ಚಟುವಟಿಕೆ ಹಿಡಿಯುತ್ತಾಳೆ. ಒಂದರಲ್ಲೇ ನಿಲ್ಲು ಎಂದು ಹೇಳಬೇಕೇ?

ನಿಮ್ಮ ಮಗಳು ಎಂಟನೇ ತರಗತಿಯಲ್ಲಿದ್ದಾಳೆ, ಭರತನಾಟ್ಯ, ಚಿತ್ರಕಲೆ, ಬ್ಯಾಡ್ಮಿಂಟನ್ ಮೂರಕ್ಕೂ ಸೇರಿ ಮೂರನ್ನೂ ಬಿಟ್ಟಿದ್ದಾಳೆ, ಈಗ ಶಾಲೆಯ ಖೋ ಖೋ ತಂಡಕ್ಕೂ ವಾರ್ಷಿಕೋತ್ಸವದ ನಾಟಕಕ್ಕೂ ತಾನಾಗಿಯೇ ಹೆಸರು ಕೊಟ್ಟು ಬಂದಿದ್ದಾಳೆ ಎಂದು ಬರೆದಿದ್ದೀರಿ. ಇದು ಚಂಚಲ ಸ್ವಭಾವವೇ, ಒಂದನ್ನೇ ಆರಿಸಿಕೋ ಎನ್ನಬೇಕೇ, ಅಥವಾ ಎಸ್‌ಎಸ್‌ಎಲ್‌ಸಿ ಹತ್ತಿರವಾಗುತ್ತಿರುವುದರಿಂದ ಎಲ್ಲವನ್ನೂ ನಿಲ್ಲಿಸುವುದು ಒಳ್ಳೆಯದೇ ಎಂಬುದು ನಿಮ್ಮ ಪ್ರಶ್ನೆ.

ಈ ವಯಸ್ಸಿನಲ್ಲಿ ಒಂದನ್ನೇ ಆರಿಸಿಕೊಳ್ಳುವಂತೆ ಒತ್ತಾಯಿಸಬೇಡಿ, ನಿಲ್ಲಿಸಲೂ ಬೇಡಿ. ಆದರೆ ಒಂದು ಕರಾರು ಇರಲಿ: ಸೇರಿದ ಚಟುವಟಿಕೆ ಒಂದು ಘಟ್ಟ ಮುಟ್ಟುವ ತನಕ ಅದನ್ನು ಬಿಡುವಂತಿಲ್ಲ. ನಾಟಕವಾದರೆ ಪ್ರದರ್ಶನ ಮುಗಿಯಬೇಕು, ಆಟವಾದರೆ ಆ ವರ್ಷದ ಪಂದ್ಯಾಟ ಮುಗಿಯಬೇಕು. ಅದಾದ ಮೇಲೆ ಬಿಟ್ಟರೆ ಯಾರೂ ಬೇಸರಿಸಿಕೊಳ್ಳಬಾರದು. ನಾನು ಉಡುಪಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಸಿದ್ಧಪಡಿಸುವ ಹೊಣೆ ಹಲವು ವರ್ಷಗಳಿಂದ ನನ್ನದು. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಮಕ್ಕಳನ್ನು ಎಂಟರಿಂದ ಹತ್ತನೇ ತರಗತಿಯವರೆಗೆ ಹತ್ತಿರದಿಂದ ನೋಡುತ್ತ ಬಂದುದರಿಂದ. ಅವರಲ್ಲಿ ಒಬ್ಬಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಿದರೆ ನಿಮಗೆ ಹೆಚ್ಚು ಉಪಯೋಗವಾದೀತು.

ಆ ಹುಡುಗಿ ಎಂಟನೇ ತರಗತಿಗೆ ಸೇರಿದಾಗ ಹಾಜರಿ ಕರೆದರೂ ಉತ್ತರ ಕೇಳಿಸುತ್ತಿರಲಿಲ್ಲ; ಪಕ್ಕದವಳು ‘ಬಂದಿದ್ದಾಳೆ ಟೀಚರ್’ ಎಂದು ಹೇಳಬೇಕಾಗುತ್ತಿತ್ತು. ಓದಿನಲ್ಲಿ ಹಿಂದೆ ಬಿದ್ದವಳೇನಲ್ಲ, ಬರೆಯುತ್ತಿದ್ದಳು, ಆದರೆ ಹತ್ತು ಜನರ ಮುಂದೆ ತಪ್ಪು ಮಾಡುವ ಪ್ರಸಂಗವೇ ಬಾರದಂತೆ ಎಚ್ಚರ ವಹಿಸುತ್ತಿದ್ದಳು. ಪ್ರತಿಭಾ ಕಾರಂಜಿಯ ಪಟ್ಟಿ ಓದಿದಾಗ ಮಾತನಾಡಬೇಕಿಲ್ಲದ ಒಂದೇ ಕಾರಣಕ್ಕೆ ಮಣ್ಣಿನ ಮಾದರಿ ತಯಾರಿಕೆಗೆ ಕೈ ಎತ್ತಿದಳು. ಅಭ್ಯಾಸಕ್ಕೆಂದು ಅವಳು ಮಾಡಿದ ಮೊದಲ ಆನೆ ನಿಲ್ಲಲಿಲ್ಲ. ಮಣ್ಣಿಗೆ ನೀರು ಹೆಚ್ಚಾಗಿತ್ತು, ಕಾಲುಗಳು ಸಪುರವಾಗಿದ್ದವು, ಹೊಟ್ಟೆಯ ಭಾರಕ್ಕೆ ಆನೆ ಮಂಡಿಯೂರಿ ಕುಳಿತಂತಾಯಿತು. ಚಿತ್ರಕಲಾ ಶಿಕ್ಷಕರು ಅದನ್ನು ಸರಿಮಾಡಿಕೊಡದೆ, ಮಣ್ಣನ್ನು ಮತ್ತೆ ಮುದ್ದೆ ಕಟ್ಟಿಸಿ, ಕಲ್ಲು ಕಸ ಆರಿಸಿಸಿ, ಚೆನ್ನಾಗಿ ನಾದಿಸಿದರು; ಮೊದಲು ಕಾಲುಗಳನ್ನು ಮಾಡಿ ಅವು ಸ್ವಲ್ಪ ಬಿಗಿಯಾಗುವವರೆಗೆ ಕಾಯಲು ಹೇಳಿದರು. ಕ್ಲಸ್ಟರ್ ಮಟ್ಟದಲ್ಲಿ ಬಹುಮಾನ ಬರಲಿಲ್ಲ. ಆದರೆ ಕೆಟ್ಟದ್ದನ್ನು ಮುದ್ದೆ ಮಾಡಿ ಮತ್ತೆ ಶುರುಮಾಡಬಹುದು, ಅದಕ್ಕೆ ಯಾರೂ ಬೈಯುವುದಿಲ್ಲ ಎಂಬುದನ್ನು ಅವಳು ಶಾಲೆಯಲ್ಲಿ ಮೊದಲ ಬಾರಿಗೆ ಕಂಡಿರಬೇಕು, ಏಕೆಂದರೆ ಗಣಿತದ ಪುಸ್ತಕದಲ್ಲಿ ಒಂದು ಹೆಜ್ಜೆ ತಪ್ಪಿದರೆ ಇಡೀ ಪುಟವನ್ನೇ ಹರಿಯುತ್ತಿದ್ದವಳು ಆಮೇಲೆ ಅಡ್ಡಗೆರೆ ಎಳೆದು ಮುಂದುವರಿಸತೊಡಗಿದಳು. ನಡುವೆ ಲಘು ಸಂಗೀತಕ್ಕೂ ಬಂದಳು. ಶ್ರುತಿ ನಿಲ್ಲಲಿಲ್ಲ, ಶಾಲಾ ಮಟ್ಟದ ಆಯ್ಕೆಯ ನಂತರ ತಾನೇ ಬಿಟ್ಟಳು.

ಮರುವರ್ಷ ದೈಹಿಕ ಶಿಕ್ಷಣ ಶಿಕ್ಷಕರು ಅವಳನ್ನು ಖೋ ಖೋ ಅಂಕಣಕ್ಕೆ ಕರೆದರು. ಈ ಆಟ ನೋಡುವವರಿಗೆ ಬರೀ ಓಟದಂತೆ ಕಾಣುತ್ತದೆ, ಆದರೆ ಅದರ ನಿಯಮಗಳನ್ನು ಗಮನಿಸಿದರೆ ಮಕ್ಕಳಿಗೆ ಇಷ್ಟು ಹೊಂದುವ ಆಟ ಮತ್ತೊಂದಿದೆಯೇ ಎನಿಸುತ್ತದೆ. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಮಂದಿ ನಡುಗೆರೆಯ ಮೇಲೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಓಡುವವರು ಮೂವರ ಗುಂಪಿನಲ್ಲಿ ಒಳಗೆ ಬರುತ್ತಾರೆ. ಬೆನ್ನಟ್ಟುವವಳು ಕುಳಿತವರ ನಡುವಿನಿಂದ ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕನ್ನು ಕಂಬ ಸುತ್ತದೆ ಬದಲಿಸುವಂತಿಲ್ಲ. ಹಾಗಾಗಿ ಎಷ್ಟೇ ವೇಗವಿದ್ದರೂ ಒಬ್ಬಳಿಂದಲೇ ಔಟ್ ಮಾಡುವುದು ಕಷ್ಟ. ಸರಿಯಾದ ಹೊತ್ತಿಗೆ, ಸರಿಯಾದ ಕಡೆ ಮುಖ ಮಾಡಿರುವ ಗೆಳತಿಯ ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ ‘ಖೋ’ ಎನ್ನಬೇಕು, ಆಮೇಲೆ ತಾನು ಅವಳ ಜಾಗದಲ್ಲಿ ಕೂರಬೇಕು. ಖೋ ಬೀಳುವ ಮೊದಲೇ ಎದ್ದರೆ ಫೌಲ್.

ಅವಳ ಖೋ ಮೊದಮೊದಲು ಯಾರಿಗೂ ಕೇಳಿಸುತ್ತಿರಲಿಲ್ಲ. ಕುಳಿತವಳು ಏಳುತ್ತಿರಲಿಲ್ಲ, ಓಡುವವಳು ತಪ್ಪಿಸಿಕೊಳ್ಳುತ್ತಿದ್ದಳು, ತಂಡದವರು ರೇಗುತ್ತಿದ್ದರು. ನಾನು ತರಗತಿಯಲ್ಲಿ ‘ಗಟ್ಟಿಯಾಗಿ ಮಾತನಾಡು’ ಎಂದು ಎಷ್ಟು ಹೇಳಿದರೂ ಆಗದ ಕೆಲಸ ಆ ಅಂಕಣದಲ್ಲಿ ಆಯಿತು; ಅಲ್ಲಿ ಗಟ್ಟಿ ದನಿ ಶಿಕ್ಷಕಿಯ ಅಪೇಕ್ಷೆಯಾಗಿರಲಿಲ್ಲ, ಪಕ್ಕದವಳು ಎದ್ದು ಓಡಬೇಕಾದರೆ ಬೇಕಾದ ವಸ್ತುವಾಗಿತ್ತು. ಆಗಸ್ಟ್ ತಿಂಗಳ ಮಳೆ ಬಿಡುವು ಕೊಟ್ಟ ಸಂಜೆಗಳಲ್ಲಿ ಅವಳ ದನಿ ಸ್ಟಾಫ್ ರೂಮಿನವರೆಗೆ ಬರತೊಡಗಿತು. ತಂಡ ವಲಯ ಮಟ್ಟ ದಾಟಿ ತಾಲೂಕು ಮಟ್ಟದಲ್ಲಿ ಸೋತಿತು. ಸೋಲಿನ ನಂತರ ಬಸ್ಸಿನಲ್ಲಿ ಬರುವಾಗ ಯಾವ ಕ್ಷಣದಲ್ಲಿ ಯಾರಿಗೆ ಖೋ ಕೊಡಬೇಕಿತ್ತು ಎಂದು ಹುಡುಗಿಯರು ವಾದಿಸುತ್ತಿದ್ದರು, ಅವಳೂ ಆ ವಾದದಲ್ಲಿದ್ದಳು. ಕನ್ನಡ ತರಗತಿಯ ಚರ್ಚೆಯಲ್ಲಿ ಅಷ್ಟು ಕಾರಣ ಕೊಟ್ಟು ಮಾತನಾಡಿದವರನ್ನು ನಾನು ಕಂಡದ್ದು ಕಡಿಮೆ.

ಅದೇ ವರ್ಷ ಅವಳು ಯಕ್ಷಗಾನಕ್ಕೂ ಸೇರಿದಳು. ನಮ್ಮ ಜಿಲ್ಲೆಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹಲವು ಪ್ರೌಢಶಾಲೆಗಳಲ್ಲಿ ಗುರುಗಳ ಮೂಲಕ ಯಕ್ಷಗಾನ ಕಲಿಸುತ್ತದೆ, ಕಲಿತ ಮಕ್ಕಳೇ ವೇಷ ಕಟ್ಟಿ ಪ್ರಸಂಗ ಆಡುತ್ತಾರೆ. ಒಂದು ಕಾಲಕ್ಕೆ ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಕಲೆಗೆ ಈಗ ಶಾಲೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿ ಬರುವುದನ್ನು ಕಾಣುವಾಗ ನನಗೆ ಆಗುವ ಸಂತೋಷವನ್ನು ಇಲ್ಲಿ ಹೇಳದಿರಲಾರೆ. ಗುರುಗಳು ಮೊದಲು ಕೈಯಲ್ಲಿ ತಾಳ ಹಾಕಿಸುತ್ತಾರೆ, ಏಕತಾಳ, ರೂಪಕ, ಝಂಪೆ ಹೀಗೆ. ತಾಳ ಕೈಗೆ ಕೂತ ಮೇಲೆಯೇ ಹೆಜ್ಜೆ. ಖೋ ಖೋ ಆಡಿ ಬಂದ ಕಾಲುಗಳಿಗೆ ದಮ್ಮು ಇತ್ತು, ಆದರೆ ಅವಸರವೂ ಇತ್ತು, ಚೆಂಡೆಯ ಪೆಟ್ಟಿಗಿಂತ ಮೊದಲೇ ಹೆಜ್ಜೆ ಬೀಳುತ್ತಿತ್ತು. ‘ಖೋ ಬೀಳುವ ಮೊದಲು ಏಳುತ್ತೀಯಾ?’ ಎಂದು ಗುರುಗಳು ಒಮ್ಮೆ ಕೇಳಿದ್ದು ಅವಳಿಗೆ ತಕ್ಷಣ ಅರ್ಥವಾಯಿತು. ಒಂದು ಕಡೆ ಕಲಿತದ್ದು ಮತ್ತೊಂದು ಕಡೆ ಕೆಲಸಕ್ಕೆ ಬರುವುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಆ ವರ್ಷ ಅವಳಿಗೆ ಮಾತಿಲ್ಲದ ಸಣ್ಣ ವೇಷ ಸಿಕ್ಕಿತು. ಹತ್ತನೇ ತರಗತಿಯಲ್ಲಿ ಮಾತಿರುವ ವೇಷ ಬೇಕೆಂದು ಅವಳೇ ಕೇಳಿದಳು. ಹಾಡುಗಾರರಾದ ಭಾಗವತರು ಪದ್ಯ ಹೇಳಿದ ಮೇಲೆ ಅದರ ಅರ್ಥವನ್ನು ಪಾತ್ರವಾಗಿ ಮಾತನಾಡಬೇಕು, ಮುಂದಿನ ಪದ್ಯಕ್ಕೆ ಎತ್ತುಗಡೆ, ಅಂದರೆ ಅದನ್ನು ಶುರುಮಾಡುವ ಸುಳಿವು, ಕೊಟ್ಟು ನಿಲ್ಲಿಸಬೇಕು. ಮಕ್ಕಳಿಗೆ ಮಾತನ್ನು ಬರೆದುಕೊಟ್ಟು ಕಲಿಸುತ್ತೇವೆ, ಆದರೂ ರಂಗಸ್ಥಳದಲ್ಲಿ ಎದುರು ವೇಷದವರು ಒಂದು ಸಾಲು ಬಿಟ್ಟರೆ ಪ್ರಸಂಗ ಅಲ್ಲಿಗೆ ನಿಲ್ಲದಂತೆ ನೋಡಿಕೊಳ್ಳುವುದು ಇವರದೇ ಕೆಲಸ. ಪ್ರದರ್ಶನದ ರಾತ್ರಿ ಎದುರಿದ್ದ ಹುಡುಗ ಮಾತು ಮರೆತಾಗ, ಅವಳು ಅವನು ಹೇಳಬೇಕಿದ್ದುದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳಿ ದಾರಿ ಮಾಡಿಕೊಟ್ಟಳು. ಸಭೆಗೆ ಏನೂ ಗೊತ್ತಾಗಲಿಲ್ಲ. ಹಾಜರಿಗೆ ಉತ್ತರಿಸದ ಹುಡುಗಿ ಅಲ್ಲಿಗೆ ತಲುಪಲು ಮಣ್ಣು, ಅಂಕಣ, ರಂಗಸ್ಥಳ ಎಲ್ಲವೂ ಬೇಕಾಯಿತು ಎಂದೇ ನನ್ನ ನಂಬಿಕೆ. ಇವುಗಳಲ್ಲಿ ಯಾವುದೋ ಒಂದನ್ನು ಎಂಟನೇ ತರಗತಿಯಲ್ಲೇ ಆರಿಸು ಎಂದಿದ್ದರೆ ಅವಳು ಖಂಡಿತ ಮಣ್ಣಿನ ಕೆಲಸವನ್ನೇ ಆರಿಸಿ ಮೌನವಾಗಿ ಕುಳಿತಿರುತ್ತಿದ್ದಳು. ಗಣಿತದಲ್ಲಿ ಅವಳು ಕೊನೆಯವರೆಗೂ ಸಾಧಾರಣವಾಗಿಯೇ ಇದ್ದಳು ಎಂಬುದನ್ನೂ ಹೇಳಿಬಿಡುತ್ತೇನೆ; ಆಟ ಆಡಿದರೆ ಅಂಕ ಏರುತ್ತದೆ ಎಂಬ ಭರವಸೆಯನ್ನು ನಾನು ಯಾವ ಪೋಷಕರಿಗೂ ಕೊಡುವುದಿಲ್ಲ. ಗೊತ್ತಾಗದ ಲೆಕ್ಕವನ್ನು ಎದ್ದು ನಿಂತು ಕೇಳುವ ಧೈರ್ಯ ಬಂದಿತ್ತು, ಅದು ಸಣ್ಣ ವಿಷಯವಲ್ಲ.

ನಾನು ಹೇಳಿದ ಕರಾರು ಮುಖ್ಯವಾಗುವುದು ಇಲ್ಲಿಯೇ. ಯಾವ ಕಲೆಯಾದರೂ ಆಟವಾದರೂ ಮೊದಲ ಕೆಲವು ವಾರ ಹೊಸತನದ ಉತ್ಸಾಹದಲ್ಲಿ ಹೋಗುತ್ತದೆ. ಆಮೇಲೆ ಒಂದೇ ಹೆಜ್ಜೆಯನ್ನು ತಿರುತಿರುಗಿ ಹಾಕಿಸುವ, ತನಗಿಂತ ಚಿಕ್ಕವರು ಚೆನ್ನಾಗಿ ಮಾಡುವುದನ್ನು ನೋಡಬೇಕಾದ ಬೇಸರದ ಕಾಲ ಬರುತ್ತದೆ. ಮಗು ಬಿಡುವುದು ಸಾಮಾನ್ಯವಾಗಿ ಆಗ. ಅದನ್ನು ದಾಟಿ ಒಂದು ಪ್ರದರ್ಶನವನ್ನೋ ಪಂದ್ಯವನ್ನೋ ಕಂಡ ಮೇಲೆ ‘ಇದು ನನಗಲ್ಲ’ ಎಂದರೆ, ಅದು ತಿಳಿದು ಹೇಳಿದ ಮಾತು. ನಿಮ್ಮ ಮಗಳು ಹಿಂದಿನ ಮೂರನ್ನು ಬಿಟ್ಟದ್ದು ಈ ಬೇಸರದಲ್ಲೋ, ದಾಟಿದ ಮೇಲೋ ಎಂಬುದನ್ನು ಅವಳೊಡನೆ ಕುಳಿತು ವಿಚಾರಿಸಿ. ಶಿಕ್ಷಕರು ಹಂಗಿಸಿದರೆ, ಜೊತೆಯವರು ಕೀಟಲೆ ಮಾಡಿದರೆ, ದೇಹಕ್ಕೆ ನೋವಾದರೆ ಈ ಕರಾರು ಅನ್ವಯಿಸದು. ಅಂಥಲ್ಲಿಂದ ಆ ದಿನವೇ ಬಿಡಿಸಿ.

ಬೇರೆ ಬೇರೆ ಆಟಗಳನ್ನು ಆಡಿ ನೋಡುವುದರ ಪರವಾಗಿ ವೈದ್ಯರ ಮಾತೂ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ತನ್ನ ವರದಿಯಲ್ಲಿ, ಒಂದೇ ಕ್ರೀಡೆಗೆ ಮೀಸಲಾಗುವುದನ್ನು ಸುಮಾರು 15–16 ವರ್ಷದವರೆಗೆ ಮುಂದೂಡುವುದು ಹೆಚ್ಚಿನ ಕ್ರೀಡೆಗಳಲ್ಲಿ ಒಳ್ಳೆಯದು ಎಂದು ಹೇಳಿದೆ. ಒಂದೇ ಬಗೆಯ ಚಲನೆಯಿಂದಾಗುವ ಗಾಯಗಳೂ, ಆಟದ ಮೇಲೆಯೇ ಬರುವ ಜಿಗುಪ್ಸೆಯೂ ಅದಕ್ಕೆ ಕೊಟ್ಟ ಕಾರಣಗಳು. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಕ್ರೀಡೆಗಳ ಮಾತು ಬೇರೆ. ಕಲೆಯಲ್ಲೂ ಒಂದು ಅಪವಾದ ಹೇಳಬೇಕು: ಶಾಸ್ತ್ರೀಯ ಸಂಗೀತವಾಗಲಿ ಭರತನಾಟ್ಯವಾಗಲಿ ಒಂದು ವರ್ಷದ ಅವಧಿಗೆ ಹೊಂದುವುದಿಲ್ಲ. ಸರಳೆ, ಜಂಟಿ ವರಸೆ, ಅಲಂಕಾರ ಎಂಬ ಆರಂಭದ ಪಾಠಗಳನ್ನು ಮುಗಿಸಿ ಗೀತೆಗೆ ಬರುವ ಮೊದಲೇ ಬಿಟ್ಟ ಮಗುವಿಗೆ ಸಂಗೀತದ ರುಚಿಯೇ ಸಿಕ್ಕಿರುವುದಿಲ್ಲ. ಮಗಳು ಮತ್ತೆ ನೃತ್ಯದ ಹೆಸರೆತ್ತಿದರೆ ಹೆಚ್ಚಿನ ಕಾಲಕ್ಕೆ ಒಪ್ಪಿಸಿಯೇ ಸೇರಿಸಿ.

ಪರೀಕ್ಷೆಯ ಚಿಂತೆ ನಿಮಗಿರುವುದು ಸಹಜ. ಶಾಲೆಯ ವರ್ಷವನ್ನು ನೋಡಿದರೆ ಕ್ರೀಡಾಕೂಟಗಳೂ ಪ್ರತಿಭಾ ಕಾರಂಜಿಯೂ ಬಹುಮಟ್ಟಿಗೆ ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಬರುತ್ತವೆ, ವಾರ್ಷಿಕೋತ್ಸವ ಡಿಸೆಂಬರ್ ಆಸುಪಾಸಿನಲ್ಲಿ ಮುಗಿಯುತ್ತದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಅದಾಗಿ ಮೂರು ತಿಂಗಳ ಮೇಲೆ. ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿರುವುದರಿಂದ ಓದು ಜಾರುತ್ತಿದೆಯೇ ಎಂಬುದು ನಿಮಗೆ ಬೇಗನೆ ತಿಳಿಯುತ್ತದೆ. ಜಾರಿದರೆ ಎರಡರಲ್ಲಿ ಒಂದನ್ನು ಕಡಿಮೆ ಮಾಡಬಹುದು, ಆದರೆ ಆಟವನ್ನು ಪೂರ್ತಿ ನಿಲ್ಲಿಸುವುದು ಬೇಡ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆ, ಟ್ಯೂಷನ್, ಮೊಬೈಲ್ ನಡುವೆ ಅಷ್ಟು ಹೊತ್ತು ಬೇರೆ ಯಾವ ದಾರಿಯಲ್ಲಿ ಸಿಗುತ್ತದೆ ಹೇಳಿ. ಕ್ರೀಡಾ ಕೋಟಾ, ಪ್ರಮಾಣಪತ್ರಗಳ ವಿಷಯವನ್ನೂ ಕೇಳಿದ್ದೀರಿ. ಸಿಇಟಿಯಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ವಿಶೇಷ ವರ್ಗಗಳಿವೆ ನಿಜ, ಆದರೆ ಅದನ್ನೇ ಗುರಿಯಾಗಿಟ್ಟುಕೊಂಡು ಎಂಟನೇ ತರಗತಿಯ ಮಗುವನ್ನು ಅಂಕಣಕ್ಕೆ ಕಳುಹಿಸಿದರೆ ಮೊದಲ ಸೋಲಿಗೇ ಮಗು ಕುಗ್ಗುತ್ತದೆ.

ನೀವು ಮೈಸೂರಿನವರು ಎಂದು ತಿಳಿದು ಎರಡು ಮಾತು ಸೇರಿಸುತ್ತೇನೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಚೈತ್ರಾ ಬಿ. ನಿಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ನಾಟಕದ ಕಡೆ ಮಗಳ ಒಲವು ನಿಂತರೆ, 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ರಂಗಾಯಣ ನಿಮ್ಮ ಊರಿನಲ್ಲೇ ಇದೆ, ಬೇಸಿಗೆ ರಜೆಯಲ್ಲಿ ಅಲ್ಲಿ ನಡೆಯುವ ಚಿಣ್ಣರ ಮೇಳಕ್ಕೆ ವಯೋಮಿತಿಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಸದ್ಯಕ್ಕೆ ಎರಡೂ ನಡೆಯಲಿ. ಅಭ್ಯಾಸ ಯಾವ ವಾರಗಳಲ್ಲಿ ಒಂದರ ಮೇಲೊಂದು ಬೀಳುತ್ತದೆ ಎಂಬುದನ್ನು ದೈಹಿಕ ಶಿಕ್ಷಕರನ್ನೂ ನಾಟಕ ಮಾಡಿಸುವವರನ್ನೂ ಕೇಳಿ ಮನೆಯ ಕ್ಯಾಲೆಂಡರಿನಲ್ಲಿ ಮಗಳ ಕೈಯಲ್ಲೇ ಗುರುತು ಹಾಕಿಸಿ. ಸಂಜೆ ತಡವಾದ ದಿನ ಅವಳು ಯಾರ ಜೊತೆ, ಯಾವ ಬಸ್ಸಿನಲ್ಲಿ ಬರುತ್ತಾಳೆ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ತಂಡ ಬಿಡುವುದಕ್ಕೆ ಓದಿಗಿಂತ ಹೆಚ್ಚಾಗಿ ಆ ಬಸ್ಸೇ ಕಾರಣವಾಗಿದೆ.