ಓದುಗರ ಪ್ರಶ್ನೆ: 9 ದಿನದಲ್ಲಿ ಮಾರ್ಮನ್ ಟ್ರೇಲ್ ನೋಡಿ ಬರಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಶಿಕಾಗೋ ಹತ್ರ ಇದೀವಿ. ಮಗಳ ಕ್ಲಾಸ್‌ಮೇಟ್ ಮನೆಯವ್ರು ಮಾರ್ಮನ್ನರು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವ್ರು), ಅವರ ಹಿರೀಕರು ಕೈಗಾಡಿ ಎಳ್ಕೊಂಡು ಯೂಟಾವರೆಗೂ ನಡೆದೇ ಹೋದ್ರಂತೆ. ಆ ಕಥೆ ಕೇಳ್ಕೊಂಡು ಬಂದಾಗಿಂದ ಮಗಳು (12 ವರ್ಷ) ಆ ದಾರಿ ನೋಡ್ಲೇಬೇಕು ಅಂತ ಹಟ ಹಿಡಿದಿದಾಳೆ. ಜುಲೈನಲ್ಲಿ 9 ದಿನ ರಜೆ ಇದೆ. ನಮ್ಮನೆಯವ್ರು 23 ಜಾಗ ಲಿಸ್ಟ್ ಮಾಡಿದಾರೆ. ಜೊತೆಗೆ 7 ವರ್ಷದ ಮಗ, ಮಂಡಿ ನೋವಿರೋ ಅತ್ತೆ. ಆಗುತ್ತಾ?

ಉತ್ತರ: ಆಗುತ್ತೆ, ಆದ್ರೆ ಆ 23 ಜಾಗದ ಲಿಸ್ಟ್ ಮೊದಲು ಪಕ್ಕಕ್ಕಿಡಿ. ಈ ದಾರಿ ಹೆಚ್ಚುಕಮ್ಮಿ 2,100 ಕಿಲೋಮೀಟರ್ ಇದೆ, 1846ರಿಂದ 1869ರಲ್ಲಿ ರೈಲು ಬರೋವರ್ಗೂ ಸುಮಾರು 70,000 ಜನ ಇದ್ರಲ್ಲಿ ಹೋದ್ರು, ಅದನ್ನ ಬೋರ್ಡ್ ಕಂಡಲ್ಲೆಲ್ಲ ಇಳಿದು ಫೋಟೋ ತೆಗೆದು ಓಡೋದಾದ್ರೆ ಯಾವುದೂ ಮನಸ್ಸಲ್ಲಿ ನಿಲ್ಲಲ್ಲ. ಮಗಳು ಕೇಳ್ತಿರೋದು ಕೈಗಾಡಿ ಕಥೆ ಅಲ್ವಾ, ಅದು ನಡೆದಿದ್ದು ವಯೋಮಿಂಗ್‌ನಲ್ಲಿ, ನಿಮ್ಮ ಟೈಮ್ ಅಲ್ಲಿಗೆ ಕೊಡಿ.

ದಾರಿ ಶುರುವಾಗೋದು ಮಿಸಿಸಿಪ್ಪಿ ದಡದ ನಾವೂ ಪಟ್ಟಣದಿಂದ. 1844ರಲ್ಲಿ ಪಕ್ಕದ ಕಾರ್ತೇಜ್ ಜೈಲಲ್ಲಿ ಈ ಪಂಥ ಶುರು ಮಾಡಿದ ಜೋಸೆಫ್ ಸ್ಮಿತ್‌ನನ್ನ ವಿರೋಧಿಗಳು ಗುಂಪು ಸೇರಿ ಕೊಂದ್ರು, 1846ರ ಫೆಬ್ರವರಿ ಚಳಿಯಲ್ಲಿ ಅವನ ಜನ ಊರು ಬಿಟ್ಟು ನದಿ ದಾಟಿದ್ರು. ಈ ಸಲ ಅದನ್ನ ಬಿಡಿ, ನಿಮ್ಗೆ ಐದು ಗಂಟೆ ಒಳಗಿನ ಡ್ರೈವ್, ಯಾವುದಾದ್ರೂ ವೀಕೆಂಡ್ ಹೋಗ್ಬಹುದು. ಮೊದಲ್ನೇ ದಿನ ಸೀದಾ ಓಮಾಹಾಗೆ ಹೋಗಿ ಉಳ್ಕೊಳ್ಳಿ, ಬೆಳಿಗ್ಗೆ ವಿಂಟರ್ ಕ್ವಾರ್ಟರ್ಸ್ ನೋಡಿ, ಆ ಮೊದಲ ಚಳಿಗಾಲ ಅವರು ಬೀಡುಬಿಟ್ಟಿದ್ದ ಜಾಗ. ಅಲ್ಲಿ ಸ್ಮಶಾನದಲ್ಲಿ ಒಂದು ಕಂಚಿನ ವಿಗ್ರಹ ಇದೆ, ಮಗುವಿನ ಸಮಾಧಿ ಮುಂದೆ ತಂದೆ ತಾಯಿ ಒಬ್ರಿಗೊಬ್ರು ಆತು ನಿಂತಿರೋದು. ನಾನು ಅದರ ಮುಂದೆ ನಿಂತಾಗ ಮಾತೇ ಹೊರಡ್ಲಿಲ್ಲ, ಮಕ್ಕಳು ಏನಾದ್ರೂ ಕೇಳಿದ್ರೆ ನಿಜಾನೇ ಹೇಳಿ. ಆ ನೆಲ ಓಮಾಹಾ ಬುಡಕಟ್ಟಿನವರದ್ದಾಗಿತ್ತು ಅನ್ನೋದನ್ನೂ ಹೇಳಿ.

ಆವತ್ತೇ ಸಂಜೆಗೆ ಸ್ಕಾಟ್ಸ್‌ಬ್ಲಫ್ ಸೇರ್ಕೊಳ್ಳಿ. ಲಾಂಗ್ ಡ್ರೈವ್, ಹುಡುಗ ಬೋರ್ ಅಂತಾನೆ, ಅವನಿಗೊಂದು ಕೆಲಸ ಕೊಡಿ. 1847ರ ಮೊದಲ ತಂಡದಲ್ಲಿ ವಿಲಿಯಂ ಕ್ಲೇಟನ್ ಅಂತ ಒಬ್ಬ ಇದ್ದ, ಎಷ್ಟು ದೂರ ಬಂದ್ವಿ ಅಂತ ಲೆಕ್ಕ ಇಡೋದು ಅವನ ಕೆಲಸ, ಗಾಡಿ ಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಿ ಅದು ಸುತ್ತೋದನ್ನೇ ಎಣಿಸ್ತಾ ನಡೀತಿದ್ದ, 360 ಸುತ್ತಿಗೆ ಒಂದು ಮೈಲಿ. ಆಮೇಲೆ ಬೇಸತ್ತು ಮರದ ಹಲ್ಲು ಚಕ್ರದ ಮೀಟರೇ ಮಾಡಿಸಿದ್ರು. ನಿಮ್ಮ ಹುಡುಗನ ಸೈಕಲ್ ಚಕ್ರಕ್ಕೆ ಒಂದು ರಿಬ್ಬನ್ ಕಟ್ಟಿ, ಹೊರಡೋ ಮುಂಚೆ ಮನೆ ಮುಂದೆ ಒಂದು ಮೈಲಿ ಎಣಿಸ್ಲಿ, ದಾರಿಯಲ್ಲಿ ಒಂದೊಂದು ಮೈಲಿಗಲ್ಲು ನೋಡೋ ರೀತಿನೇ ಬೇರೆ ಆಗುತ್ತೆ.

ಮೂರನೇ ದಿನ ಚಿಮ್ನಿ ರಾಕ್, ಫೋರ್ಟ್ ಲಾರಮಿ, ಗರ್ನ್ಸಿ ಹತ್ರ ಗಾಡಿ ಚಕ್ರ ಉಜ್ಜಿ ಉಜ್ಜಿ ಮರಳುಗಲ್ಲಲ್ಲಿ 5 ಅಡಿ ಆಳದವರೆಗೂ ಬಿದ್ದಿರೋ ಜಾಡು, ರಾತ್ರಿ ಕ್ಯಾಸ್ಪರ್. ನಾಲ್ಕನೇ ದಿನ ಪೂರ್ತಿ ಇಂಡಿಪೆಂಡೆನ್ಸ್ ರಾಕ್ ಮತ್ತೆ ಮಾರ್ಟಿನ್ಸ್ ಕೋವ್‌ಗೆ, ಬೇರೆ ಏನೂ ಇಟ್ಕೋಬೇಡಿ.

ಯಾಕಂದ್ರೆ ಕಥೆ ಇಲ್ಲೇ ಇರೋದು. 1856ರಲ್ಲಿ ಎತ್ತಿನ ಗಾಡಿಗೆ ದುಡ್ಡಿಲ್ದೇ ಇರೋ ಬಡವರು, ಹೆಚ್ಚಿನವ್ರು ಇಂಗ್ಲೆಂಡ್, ಡೆನ್ಮಾರ್ಕ್ ಕಡೆಯಿಂದ ಬಂದವ್ರು, ಅಯೋವಾ ಸಿಟಿಯಿಂದ ಕೈಗಾಡಿ ಎಳ್ಕೊಂಡು ಹೊರಟ್ರು. ವಿಲ್ಲಿ, ಮಾರ್ಟಿನ್ ಅನ್ನೋ ಎರಡು ತಂಡ ತುಂಬಾ ತಡವಾಗಿ ಹೊರಟಿದ್ವು, ಗಾಡಿಗಳನ್ನ ಹಸಿ ಮರದಲ್ಲಿ ಅವಸರವಾಗಿ ಮಾಡಿದ್ರು, ಒಣ ಗಾಳಿಗೆ ಮರ ಸೀಳಿ ಮುರೀತಿತ್ತು. ಅಕ್ಟೋಬರ್‌ನಲ್ಲಿ ಹಿಮ ಹಿಡ್ಕೊಳ್ತು, ಮಾರ್ಟಿನ್ ತಂಡ ಆಮೇಲೆ ಆಸರೆ ಪಡೆದ ಗುಡ್ಡದ ಸಂದೇ ಈ ಮಾರ್ಟಿನ್ಸ್ ಕೋವ್. ಸಾಲ್ಟ್ ಲೇಕ್‌ನಿಂದ ಜನ ಊಟ ಬಟ್ಟೆ ತಗೊಂಡು ಎದುರು ಬಂದ್ರು, ಆದ್ರೂ ಎರಡೂ ತಂಡ ಸೇರಿ 200ಕ್ಕಿಂತ ಹೆಚ್ಚು ಜನ ಸತ್ರು. ಮಾರ್ಟಿನ್ಸ್ ಕೋವ್‌ನಲ್ಲಿ ಕೈಗಾಡಿ ಕೊಡ್ತಾರೆ, ದುಡ್ಡಿಲ್ಲ, ಎಳ್ಕೊಂಡು ಹೋಗ್ಬಹುದು. ಆಗ ಒಬ್ರಿಗೆ 17 ಪೌಂಡ್ ಸಾಮಾನು ಮಾತ್ರ, ಅಂದ್ರೆ 8 ಕಿಲೋನೂ ಇಲ್ಲ, ಹಾಸಿಗೆ ಬಟ್ಟೆ ಎಲ್ಲಾ ಅದ್ರಲ್ಲೇ. ಮನೇಲೇ ಮಗಳಿಗೆ ತೂಕದ ಮಷಿನ್ ಮುಂದಿಟ್ಟು ಅಷ್ಟರಲ್ಲೇ ಪ್ಯಾಕ್ ಮಾಡು ಅನ್ನಿ, ಏನು ಬಿಡ್ಬೇಕು ಅಂತ ಅವಳೇ ಆರಿಸ್ಲಿ. ಅದೇ ಬ್ಯಾಗನ್ನ ಅಲ್ಲಿ ಗಾಡಿಗೆ ಹಾಕಿ ಎಳೀಲಿ. ಸುಮಾರು 6,000 ಅಡಿ ಎತ್ತರ, ಗಾಳಿ ಜೋರು, ನೆರಳು ಕಮ್ಮಿ, ಹಾಗಾಗಿ ಬೆಳಿಗ್ಗೆನೇ ಹೋಗಿ. ಅತ್ತೆಯವ್ರು ವಿಸಿಟರ್ ಸೆಂಟರ್ ಹತ್ರ ಕೂತಿರ್ಲಿ, ಅವರನ್ನ ನಡೆಸ್ಬೇಡಿ.

ಐದನೇ ದಿನ ಸೌತ್ ಪಾಸ್ ದಾಟಿ ಸಾಲ್ಟ್ ಲೇಕ್, ಆರನೇ ದಿನ ಅಲ್ಲೇ, ಉಳಿದ ಮೂರು ದಿನ ವಾಪಸ್ ಬರೋಕೆ.

ಪ್ರಶ್ನೆ: ನಾವು ಆ ಧರ್ಮದವರಲ್ಲ, ಒಳಗೆ ಬಿಡ್ತಾರಾ? ಮತಾಂತರ ಅಂತ ಹಿಂದೆ ಬೀಳ್ತಾರಾ?

ಉತ್ತರ: ಅವರ ಚರ್ಚ್ ನಡೆಸೋ ವಿಸಿಟರ್ ಸೆಂಟರ್, ಹಳೇ ಮನೆಗಳು ಎಲ್ಲರಿಗೂ ಓಪನ್, ಫ್ರೀ. ಟೆಂಪಲ್ ಒಳಗೆ ಮಾತ್ರ ಅವರ ಸದಸ್ಯರಿಗಷ್ಟೇ, ಅದಕ್ಕೆ ಬೇಜಾರ್ ಮಾಡ್ಕೋಬೇಡಿ. ಗೈಡ್‌ಗಳು ಮಿಷನರಿಗಳೇ, ನಂಬಿಕೆ ಬಗ್ಗೆ ಮಾತಾಡ್ತಾರೆ, ಬೇಡ ಅಂತ ನಯವಾಗಿ ಹೇಳಿದ್ರೆ ಬಿಡ್ತಾರೆ, ನನಗಂತೂ ಯಾರೂ ಒತ್ತಾಯ ಮಾಡ್ಲಿಲ್ಲ. ಅವರ ಪಾಲಿಗೆ ಇದು ಅಜ್ಜ ಅಜ್ಜಿಯರ ಸಮಾಧಿ ಇರೋ ದಾರಿ, ನಾವು ನಮ್ಮ ಹಿರಿಯರ ಜಾಗಕ್ಕೆ ಹೋದ ಹಾಗೇ ನಡ್ಕೋಬೇಕು.

ಸಾಲ್ಟ್ ಲೇಕ್‌ನಲ್ಲಿ ದಿಸ್ ಈಸ್ ದ ಪ್ಲೇಸ್ ಪಾರ್ಕಿಗೆ ಹೋದಾಗ ಗ್ರೀನ್ ಫ್ಲೇಕ್ ಹೆಸರು ಹುಡುಕೋಕೆ ಮಗಳಿಗೆ ಹೇಳಿ. ಕರಿಯ ಗುಲಾಮ ಆತ, ಸ್ಮಿತ್ ಆದ್ಮೇಲೆ ಇವರ ನಾಯಕನಾದ ಬ್ರಿಗಮ್ ಯಂಗ್ 1847ರ ಜುಲೈ 24ಕ್ಕೆ ಬಂದ, ಫ್ಲೇಕ್ ಇದ್ದ ತಂಡ ಎರಡು ದಿನ ಮುಂಚೆನೇ ಕಣಿವೆಗೆ ಇಳಿದಿತ್ತು. ಆ 24ನೇ ತಾರೀಖು ಯೂಟಾದಲ್ಲಿ ಈಗ್ಲೂ ಸರ್ಕಾರಿ ರಜೆ, ದೊಡ್ಡ ಮೆರವಣಿಗೆ ಇರುತ್ತೆ, ನಿಮ್ಮ ಡೇಟ್ ಅದಕ್ಕೆ ತಾಗಿದ್ರೆ ರೂಮ್ ಈಗ್ಲೇ ಬುಕ್ ಮಾಡಿ. ಮತ್ತೆ ಕ್ಯಾಸ್ಪರ್ ಬಿಡೋ ಮುಂಚೆ ಟ್ಯಾಂಕ್ ಫುಲ್ ಮಾಡಿಸಿ, ಮ್ಯಾಪ್ ಫೋನಿಗೆ ಇಳಿಸ್ಕೊಳ್ಳಿ, ಆಮೇಲೆ ಸಿಗ್ನಲ್ ನಂಬೋಕಾಗಲ್ಲ.