‘ಚೆಂಡು ಬೀಳಿತು’

ಮಾನ್ಯ ಓದುಗರೆ,

ಎರಡು ವರ್ಷದ ಹೊತ್ತಿಗೆ ‘ಬಿತ್ತು’, ‘ಕೊಟ್ಟೆ’ ಎಂದು ಸರಿಯಾಗಿ ಹೇಳುತ್ತಿದ್ದ ಮಗಳು ಮೂರು ತುಂಬುತ್ತಿರುವ ಈಗ ‘ಚೆಂಡು ಬೀಳಿತು’, ‘ನಾನು ಕೊಡಿದೆ’ ಎನ್ನತೊಡಗಿದ್ದಾಳೆ, ಕಲಿತದ್ದನ್ನು ಮರೆಯುತ್ತಿದ್ದಾಳೆಯೇ ಎಂದು ಕೇಳಿದ್ದೀರಿ. ಗಾಬರಿ ಬೇಡ, ಅವಳು ಒಂದು ಮೆಟ್ಟಿಲು ಮೇಲೇರಿದ್ದಾಳೆ.

ಮನೆಯಲ್ಲಿ ಯಾರೂ ‘ಬೀಳಿತು’ ಎನ್ನುವುದಿಲ್ಲವೆಂದು ತಾವೇ ಬರೆದಿದ್ದೀರಿ. ಹಾಗಿದ್ದರೆ ಆ ರೂಪವನ್ನು ಅವಳೇ ಕಟ್ಟಿಕೊಂಡಿರಬೇಕು. ಮೊದಲು ‘ಬಿತ್ತು’ ಎಂಬುದು ಅವಳಿಗೆ ಕೇಳಿದಂತೆಯೇ ಒಪ್ಪಿಸುವ ಇಡಿಯ ಮಾತಾಗಿತ್ತು, ‘ಬೀಳು’ ಎಂಬುದರ ಜೊತೆ ಅದಕ್ಕೆ ನಂಟಿರಲಿಲ್ಲ. ಓಡು–ಓಡಿತು, ಹಾರು–ಹಾರಿತು, ಹಾಡು–ಹಾಡಿತು ಎಂಬಂಥವನ್ನು ನೂರಾರು ಸಲ ಕೇಳಿದ ಮೇಲೆ ಕಿವಿಗೆ ಒಂದು ಸೂತ್ರ ಸಿಕ್ಕಿದೆ, ಸಿಕ್ಕಿದ್ದನ್ನು ಅವಳು ಬೀಳು, ಕೊಡು, ನಗುಗಳಿಗೂ ಹಚ್ಚುತ್ತಿದ್ದಾಳೆ. ತಪ್ಪಿರುವುದು ಅವಳ ತರ್ಕದಲ್ಲಲ್ಲ. ‘ನಗು’ ಎಂಬುದು ‘ನಕ್ಕಿತು’ ಆಗುವ ನಮ್ಮ ಭಾಷೆಯ ಹಠದಲ್ಲಿ!

ಮಕ್ಕಳಲ್ಲಿ ಇಂಥ ಸೂತ್ರವಿದೆ ಎಂಬುದನ್ನು 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ವಿದುಷಿ ಚೆಂದವಾಗಿ ತೋರಿಸಿದರು. ಇಲ್ಲದ ಪ್ರಾಣಿಯೊಂದರ ಚಿತ್ರಕ್ಕೆ ‘ವಗ್’ ಎಂದು ಹೆಸರಿಟ್ಟು, ಬಳಿಕ ಅಂಥ ಎರಡನ್ನು ತೋರಿಸಿ ಏನೆನ್ನುವಿರಿ ಎಂದರೆ, ಹಿಂದೆಂದೂ ಆ ಪದ ಕೇಳಿರದ ಮಕ್ಕಳಲ್ಲಿ ಹೆಚ್ಚಿನವರು ‘ವಗ್ಸ್’ ಎಂದರು. ಇನ್ನು, ಇಂಗ್ಲಿಷ್ ಆಡುವ 83 ಮಕ್ಕಳ ಮಾತನ್ನು ಪರಿಶೀಲಿಸಿ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂತ್ರ ಮೀರುವ ಕ್ರಿಯಾಪದಗಳ ಭೂತಕಾಲದಲ್ಲಿ ಇಂಥ ತಪ್ಪಿನ ಮಧ್ಯಕ ಪ್ರಮಾಣ (ಕಡಿಮೆಯಿಂದ ಹೆಚ್ಚಿನವರೆಗೆ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು) ಸುಮಾರು ಶೇಕಡಾ 2.5 ಮಾತ್ರ. ನಮ್ಮ ಕಿವಿ ತಪ್ಪನ್ನಷ್ಟೇ ಹಿಡಿದಿಟ್ಟುಕೊಳ್ಳುವುದರಿಂದ ಅದು ದಿನವಿಡೀ ನಡೆಯುತ್ತಿದೆ ಎನಿಸುತ್ತದೆ.

ತಿದ್ದಬೇಕೇ ಎಂಬ ಪ್ರಶ್ನೆಗೆ ತಮ್ಮ ಪತ್ರದಲ್ಲೇ ಉತ್ತರವಿದೆ. ‘ಬೀಳಿತು ಅಲ್ಲ, ಬಿತ್ತು ಅನ್ನು’ ಎಂದಿರಿ. ‘ಹೂಂ, ಬಿತ್ತು’ ಎಂದು ಒಪ್ಪಿಕೊಂಡ ಮಗಳು ಮರುಕ್ಷಣವೇ ‘ಅಮ್ಮಾ, ಮತ್ತೆ ಬೀಳಿತು’ ಎಂದಳು. ಅವಳ ಗಮನವೆಲ್ಲ ಚೆಂಡಿನ ಮೇಲಿದೆ, ವ್ಯಾಕರಣದ ಮೇಲಿಲ್ಲ. ಮಾತು ತಡೆದು ಪಾಠ ಒಪ್ಪಿಸಿಕೊಂಡರೆ ಅವಳು ಹೇಳಹೊರಟದ್ದೇ ನಿಂತುಹೋದೀತು. (ಹೆಸರು ಕರೆದರೂ ತಿರುಗದ, ಬಂದ ಮಾತುಗಳನ್ನೇ ಒಂದೊಂದಾಗಿ ಬಿಡುತ್ತಿರುವ ಮಗುವಿನ ವಿಷಯ ಬೇರೆ, ಅದನ್ನು ವೈದ್ಯರಿಗೆ ತೋರಿಸಲೇಬೇಕು.) ‘ಹೌದಾ, ಮತ್ತೆ ಬಿತ್ತಾ? ಎಲ್ಲಿ ಬಿತ್ತು?’ ಎಂದು ಸರಿಯಾದ ರೂಪವನ್ನು ತಮ್ಮ ಮಾತಿನಲ್ಲಿ ಸೇರಿಸಿ, ಅವಳೊಂದಿಗೆ ಚೆಂಡು ಹುಡುಕಲು ಹೊರಡಿ.

— ಸಂಪಾದಕ