ಮಾರುತಿ 800ರ ಜಾಗಕ್ಕೆ ಯಾವ ಕಾರು? – ತೀರ್ಥಹಳ್ಳಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಕೈಸೇರಿತು. 2008ರಲ್ಲಿ ಕೊಂಡ ಮಾರುತಿ 800ರ ನೆಲದ ತಗಡು ತುಕ್ಕು ಹಿಡಿದು ಕಾಲಡಿಯಲ್ಲೇ ರಸ್ತೆ ಕಾಣುವಷ್ಟು ತೂತು ಬಿದ್ದಿದೆಯೆಂದೂ, ಟಿಂಕರಿಂಗ್ ಮತ್ತು ಪೇಂಟಿಂಗಿಗೆ ಊರಿನ ಮೆಕ್ಯಾನಿಕ್ 42,000 ರೂಪಾಯಿ ಹೇಳಿದ್ದಾರೆಂದೂ, ಹದಿನೈದು ದಿನಕ್ಕೊಮ್ಮೆ ಮನೆಯವರನ್ನು ಚಿಕಿತ್ಸೆಗಾಗಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದೊಯ್ಯಬೇಕಾಗಿದೆಯೆಂದೂ ಬರೆದಿದ್ದೀರಿ. ನಿಮ್ಮ ಕೈಯಲ್ಲಿರುವುದು ನಾಲ್ಕೂವರೆ ಲಕ್ಷ. ದೆಹಲಿಯಿಂದ ತಂದ, ಒಂಬತ್ತು ವರ್ಷ ಓಡಿದ ದೊಡ್ಡ ಡೀಸೆಲ್ ಕಾರೊಂದನ್ನು ಮೂರೂವರೆ ಲಕ್ಷಕ್ಕೆ ಕೊಡಿಸುವುದಾಗಿ ಪರಿಚಯದ ಬ್ರೋಕರ್ ಒಬ್ಬರು ಹೇಳುತ್ತಿದ್ದಾರೆ. ಇತ್ತ ಪಕ್ಕದ ಮನೆಯ ಹುಡುಗ, “ಆರ್‌ಸಿ ಆಮೇಲೆ ಮಾಡಿಸ್ಕೋತೀನಿ ಮೇಷ್ಟ್ರೇ, ಈಗ ಕೀ ಕೊಡಿ” ಎಂದು ನಿಮ್ಮ 800 ಅನ್ನು ಕೇಳುತ್ತಿದ್ದಾನೆ. ಯಾವ ಕಾರು ಕೊಳ್ಳಬೇಕು, ಮೋಸ ಹೋಗದಂತೆ ಹೇಗೆ ನೋಡಬೇಕು ಎಂಬುದು ನಿಮ್ಮ ಪ್ರಶ್ನೆ. ಇದೇ ಇಕ್ಕಟ್ಟಿನಲ್ಲಿರುವ ಇತರ ಓದುಗರಿಗೂ ಉಪಯೋಗವಾಗಲೆಂದು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಹಳೆಯ ಕಾರಿನ ವಿಚಾರ. ಎಂಜಿನ್ ಇನ್ನೂ ಗಟ್ಟಿಯಾಗಿದೆ, 2023ರಲ್ಲಿ 5,000 ರೂಪಾಯಿ ಶುಲ್ಕ ಕಟ್ಟಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿದ್ದೇನೆ, ಹಾಗಿರುವಾಗ ಬಿಡುವುದೇಕೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಮಲೆನಾಡಿನ ಮಳೆಯಲ್ಲಿ ಹದಿನೇಳು ವರ್ಷ ನೆನೆದ ಕಾರಿನ ನೆಲದಲ್ಲಿ ತೂತು ಕಂಡಿದೆಯೆಂದರೆ, ಕಾಣದ ಕಡೆಗಳಲ್ಲಿ, ಅಂದರೆ ಬಾಗಿಲಿನ ಕೆಳಗಿನ ದಂಡೆಯಲ್ಲಿ, ಸಸ್ಪೆನ್ಷನ್ ಕೂರುವ ಜಾಗದಲ್ಲಿ, ತುಕ್ಕು ಅದಕ್ಕಿಂತ ಮುಂದೆ ಹೋಗಿರುವ ಸಂಭವವೇ ಹೆಚ್ಚು. ತೂತಿಗೆ ತಗಡು ಬೆಸೆದು ಮೇಲೆ ಬಣ್ಣ ಹೊಡೆದರೆ ಕಾರು ಚೆಂದ ಕಾಣಬಹುದು, ಗಟ್ಟಿಯಾಗುವುದಿಲ್ಲ. ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. 800ರ ತಯಾರಿಕೆ 2014ರ ಜನವರಿಗೇ ನಿಂತಿದೆ. ಒಬ್ಬರೇ ಪೇಟೆಗೆ ಹೋಗಿ ಬರುವ ಕಾರಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆನೇನೋ. ಕಾಯಿಲೆಯಲ್ಲಿರುವವರನ್ನು ಕೂರಿಸಿಕೊಂಡು ಜುಲೈ ತಿಂಗಳ ಮಂಜು ಮಳೆಯಲ್ಲಿ ಆಗುಂಬೆಯ ತಿರುವುಗಳನ್ನು ಇಳಿಯಬೇಕಾದ ಕಾರಿಗೆ ಆ 42,000 ರೂಪಾಯಿ ಸುರಿಯುವುದು ಬೇಡ.

ದೆಹಲಿಯ ಡೀಸೆಲ್ ಕಾರಂತೂ ಖಂಡಿತ ಬೇಡ. ಅದು ಅಗ್ಗವಾಗಿರುವುದಕ್ಕೆ ಕಾರಣವಿದೆ. ದೆಹಲಿ ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಎಂಟು ಒಂಬತ್ತು ವರ್ಷದ ಡೀಸೆಲ್ ಕಾರುಗಳು ಅಲ್ಲಿಂದ ಸಿಕ್ಕ ಬೆಲೆಗೆ ಹೊರಬೀಳತೊಡಗಿದವು. ಬ್ರೋಕರ್ ಹೇಳಿದ ಮೂರೂವರೆ ಲಕ್ಷದ ಮೇಲೆ, ಅಲ್ಲಿನ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ತರಿಸಿ, ಕಾರಿನ ವಯಸ್ಸಿಗೆ ತಕ್ಕಷ್ಟು ಇಳಿಸಿದ ದರದಲ್ಲಾದರೂ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿ, ಇಲ್ಲಿಯ ನಂಬರ್ ಮಾಡಿಸಬೇಕು. ನಮ್ಮ ರಾಜ್ಯದ ವಾಹನ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲೊಂದು, ಕಾರಿನ ಬೆಲೆ ಹೆಚ್ಚಿದಷ್ಟೂ ದರ ಏರುತ್ತದೆ. ಇಷ್ಟೆಲ್ಲ ಆದ ಮೇಲೆ ಆರ್‌ಸಿಯಲ್ಲಿ ಉಳಿಯುವುದು ಆರೇ ವರ್ಷ. ಡೀಸೆಲ್ ಎಂಜಿನ್ನಿನ ಇಂಜೆಕ್ಟರ್, ಟರ್ಬೊಗಳು ಕೈಕೊಟ್ಟರೆ ಒಂದೊಂದು ರಿಪೇರಿಯೂ ನೀವು ಉಳಿಸಿದೆವೆಂದುಕೊಂಡ ಹಣವನ್ನು ನುಂಗುತ್ತದೆ. ತಿಂಗಳಿಗೆ ಐನೂರು ಕಿಲೋಮೀಟರ್ ಆಚೀಚೆ ಓಡಿಸುವ ನಿಮಗೆ ಡೀಸೆಲ್‌ನ ಮೈಲೇಜಿನಿಂದ ಸಿಗುವ ಲಾಭ ಅತ್ಯಲ್ಪ.

ಹೊರರಾಜ್ಯದ ಕಾರು ಎಂದಾಗ ನಾನು ಇಷ್ಟು ಖಡಾಖಂಡಿತವಾಗಿ ಮಾತನಾಡಲು ಸ್ವಂತ ಅನುಭವವೂ ಕಾರಣ. 2016ರಲ್ಲಿ ನಾನು ತಮಿಳುನಾಡು ನೋಂದಣಿಯ ಕಾರೊಂದನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ಕೊಂಡೆ. ಒಬ್ಬರೇ ಮಾಲೀಕರು, ಹೊಳೆಯುವ ಬಣ್ಣ, ಹೊಸ ಸೀಟ್ ಕವರ್, ಒಳಗೆ ಮಲ್ಲಿಗೆಯ ಸುಗಂಧ. ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ತುಮಕೂರು ರಸ್ತೆಯಲ್ಲಿ ಹೆಡ್‌ಲೈಟು, ವೈಪರು, ಡ್ಯಾಶ್‌ಬೋರ್ಡಿನ ದೀಪ ಎಲ್ಲ ಒಟ್ಟಿಗೆ ಆರಿಹೋದವು. ಮರುದಿನ ಆಟೊ ಎಲೆಕ್ಟ್ರಿಷಿಯನ್ ಮಾಡಿದ ಮೊದಲ ಕೆಲಸವೆಂದರೆ ಚಾಲಕನ ಸೀಟ್ ಬೆಲ್ಟನ್ನು ಅದು ನಿಲ್ಲುವವರೆಗೂ ಹೊರಗೆ ಎಳೆದದ್ದು. ನಾವು ದಿನವೂ ಕಾಣುವ ಭಾಗ ಕಪ್ಪಗೆ ಶುಭ್ರವಾಗಿತ್ತು. ಕೊನೆಯ ಒಂದು ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ ಅಡ್ಡಲಾಗಿ ನಿಂತಿತ್ತು. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಎತ್ತಿದರೆ ನುಣ್ಣನೆಯ ಮಣ್ಣು. 2015ರ ಡಿಸೆಂಬರಿನ ಚೆನ್ನೈ ನೆರೆಯಲ್ಲಿ ಮುಳುಗಿದ್ದ ಕಾರನ್ನು ತೊಳೆದು ನನಗೆ ಮಾರಿದ್ದರು. ಆ ವ್ಯಾಪಾರಿ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅಂದು ಬೆಲ್ಟನ್ನು ಒಮ್ಮೆ ಪೂರ್ತಿ ಎಳೆದು ನೋಡಿದ್ದರೆ ನನ್ನ ಒಂದು ವರ್ಷದ ಉಳಿತಾಯ ಉಳಿಯುತ್ತಿತ್ತು. ಅದರ ನಂತರ 2018ರಲ್ಲಿ ಕೇರಳ ಮತ್ತು ಕೊಡಗಿನಲ್ಲಿ, 2022ರಲ್ಲಿ ಬೆಂಗಳೂರಿನಲ್ಲೇ ಕಾರುಗಳು ಮುಳುಗಿದ್ದನ್ನು ನೋಡಿದ್ದೇವೆ. ಹಾಗಾಗಿ ನಮ್ಮದೇ ರಾಜ್ಯದ ನಂಬರ್ ಇದ್ದರೂ ಈ ಪರೀಕ್ಷೆಯನ್ನು ಬಿಡಬೇಡಿ.

ನಿಮಗೆ ಬೇಕಾದದ್ದು ಸಣ್ಣ ಪೆಟ್ರೋಲ್ ಕಾರು, ಕರ್ನಾಟಕದ್ದು, 2019ರ ಜುಲೈ ನಂತರ ತಯಾರಾದದ್ದು. ಈ ತಿಂಗಳನ್ನು ಸುಮ್ಮನೆ ಹೇಳುತ್ತಿಲ್ಲ. ಎಬಿಎಸ್ 2019ರ ಏಪ್ರಿಲಿನಿಂದಲೂ, ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಮತ್ತು ಹಿಂಬದಿಯ ಸೆನ್ಸರ್ ಆ ವರ್ಷದ ಜುಲೈಯಿಂದಲೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದವು. ಮುಂದಿನ ಎಡಬದಿಯ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2022ರ ಆರಂಭದಲ್ಲಿ. ಮನೆಯವರು ಕೂರುವುದು ಆ ಸೀಟಿನಲ್ಲಾದ್ದರಿಂದ ಅದಿರುವ ಕಾರನ್ನೇ ಹುಡುಕಿ. ಮಾದರಿಯ ವಿಷಯದಲ್ಲಿ ನನ್ನ ಒಲವು 2019ರಲ್ಲಿ ಬಂದ ವ್ಯಾಗನ್ ಆರ್‌ನ 1.2 ಲೀಟರ್ ಎಂಜಿನ್ನಿನ ಕಡೆಗಿದೆ. ಸೀಟು ಎತ್ತರದಲ್ಲಿರುವುದರಿಂದ ಮೊಣಕಾಲು ನೋವಿನವರು ಬಗ್ಗದೆ ಹತ್ತಿ ಇಳಿಯಬಹುದು, ನಾಲ್ವರು ಕೂತರೂ ಘಾಟಿ ಹತ್ತುತ್ತದೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಗ್ರ್ಯಾಂಡ್ ಐ10 ಕೂಡ ಒಳ್ಳೆಯ ಕಾರೇ, ಸೀಟು ಮಾತ್ರ ತುಸು ತಗ್ಗು. ಆದರೆ ಮೇಷ್ಟ್ರೇ, ಮಾದರಿಗಿಂತ ಮುಖ್ಯವಾದದ್ದು ಹಿಂದಿನ ಮಾಲೀಕರು ಅದನ್ನು ಹೇಗೆ ನೋಡಿಕೊಂಡಿದ್ದರು ಎಂಬುದು. ಸಾಧಾರಣ ಮಾದರಿಯ, ಕಾಲಕಾಲಕ್ಕೆ ಆಯಿಲ್ ಬದಲಿಸಿದ ಕಾರು, ಹೆಸರುವಾಸಿ ಮಾದರಿಯ, ಯಾರೂ ಲಕ್ಷ್ಯ ಕೊಡದ ಕಾರಿಗಿಂತ ಎಷ್ಟೋ ಮೇಲು.

ಆದ್ದರಿಂದ ಕಾರನ್ನು ನೋಡುವುದಕ್ಕೆ ಮೊದಲು ಕಾಗದಗಳನ್ನು ನೋಡಿ. ನಂಬರ್ ಗೊತ್ತಾದರೆ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿಯ ದಿನಾಂಕ, ವಿಮೆಯ ಅವಧಿ, ಬಾಕಿ ದಂಡಗಳು ತಿಳಿಯುತ್ತವೆ. ಎಷ್ಟನೆಯ ಮಾಲೀಕರು, ಸಾಲ ತೀರಿದೆಯೇ ಎಂಬುದನ್ನು ಆರ್‌ಸಿಯಲ್ಲೇ ನೋಡಿ. ಬ್ಯಾಂಕಿನ ಹೆಸರು ಇನ್ನೂ ಅದರಲ್ಲಿದ್ದರೆ, ಸಾಲ ತೀರಿದೆಯೆಂಬ ಬ್ಯಾಂಕಿನ ಪತ್ರ ಮತ್ತು ಆ ಹೆಸರನ್ನು ತೆಗೆಸಲು ಬೇಕಾದ ಫಾರ್ಮ್ 35 ಕೈಗೆ ಬರುವ ತನಕ ಮುಂಗಡವನ್ನೂ ಕೊಡಬೇಡಿ. ವಿಮೆಯ ಪಾಲಿಸಿ ತರಿಸಿಕೊಂಡು ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದಿದ್ದಕ್ಕೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ ಎಂದು ಓದಿ. ಕ್ಲೇಮ್ ಮಾಡದ ವರ್ಷಗಳಿಗೆ ತಕ್ಕಂತೆ ಅದು ಶೇ 20, 25, 35, 45, 50 ಎಂದು ಏರುತ್ತ ಹೋಗುತ್ತದೆ. ಐದು ವರ್ಷದ, ಒಬ್ಬರೇ ಮಾಲೀಕರ ಕಾರಿನ ಪಾಲಿಸಿಯಲ್ಲಿ ಅದು ಸೊನ್ನೆಯಾಗಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬೇಕು, ಇಲ್ಲವೇ ಪಾಲಿಸಿ ನವೀಕರಿಸದೆ ಬಿಟ್ಟಿರಬೇಕು. “ಒಂದು ಗೀರೂ ಬಿದ್ದಿಲ್ಲ ಸಾರ್” ಎನ್ನುವವರನ್ನು ಆ ಸೊನ್ನೆ ತೋರಿಸಿಯೇ ಕೇಳಿ. ಕಂಪನಿಯ ಸರ್ವಿಸ್ ಸೆಂಟರಿನ ದಾಖಲೆಯನ್ನು ಮಾಲೀಕರ ಮೂಲಕವೇ ಕೇಳಿ ಪಡೆಯಿರಿ. ಯಾವ ದಿನ ಎಷ್ಟು ಕಿಲೋಮೀಟರ್ ಆಗಿತ್ತೆಂಬುದು ಅದರಲ್ಲಿರುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಕಾರು ನೋಡಲು ಹೋಗುವ ದಿನ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ, ಬೆಳಗ್ಗೆ ಮಳೆಯಿಲ್ಲದ ಬೆಳಕಿನಲ್ಲಿ ಹೋಗಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆಂಬುದನ್ನು ನಿಮಗೆ ತೋರಿಸಲು ಅವರಿಗೆ ಇಷ್ಟವಿಲ್ಲ ಎಂದೇ ತಿಳಿಯಿರಿ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಆ ಕಾರನ್ನು ಅಲ್ಲೇ ಬಿಡಿ. ಕೀ ತಿರುಗಿಸಿದ ಕ್ಷಣ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತದೆಯೇ ಇದ್ದರೆ ದೋಷವನ್ನು ಮುಚ್ಚಲು ಯಾರೋ ದೀಪವನ್ನೇ ಕಿತ್ತಿದ್ದಾರೆ, ಇದು ಇನ್ನೂ ಕೆಟ್ಟದ್ದು. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗನ್ನು ಒಂದೆಡೆ ಮೆಲ್ಲಗೆ ಬಿಡಿಸಿದರೆ ಕಾರ್ಖಾನೆಯ ಬೆಸುಗೆಯ ಗುಂಡನೆಯ ಗುರುತುಗಳು ಪೋಣಿಸಿದಂತೆ ಸಮವಾಗಿ ಕಾಣಬೇಕು. ಅವು ಇಲ್ಲದಿದ್ದರೆ ಅಥವಾ ಅಲ್ಲಿ ಪುಟ್ಟಿ ಮೆತ್ತಿದ್ದರೆ ಆ ಬದಿಗೆ ದೊಡ್ಡ ಪೆಟ್ಟು ಬಿದ್ದಿದೆ. ಬಾನೆಟ್ ಕೀಲಿನ ಬೋಲ್ಟುಗಳ ತಲೆಯ ಬಣ್ಣ ಎದ್ದಿದ್ದರೂ ಹಾಗೆಯೇ, ಒಮ್ಮೆ ಬಿಚ್ಚಿದ್ದಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2320 ಎಂದಿದ್ದರೆ ಅದು 2020ನೇ ಇಸವಿಯ 23ನೇ ವಾರದ್ದು. 2020ರ ಕಾರು, ಮೀಟರಿನಲ್ಲಿ ಇಪ್ಪತ್ತೈದೇ ಸಾವಿರ, ಆದರೆ ನಾಲ್ಕೂ ಟೈರು 2023ರವು ಎಂದಾದರೆ, ಮೊದಲಿನ ಟೈರು ಅಷ್ಟು ಬೇಗ ಸವೆದದ್ದೇಕೆ ಎಂದು ಕೇಳುವುದು ನಿಮ್ಮ ಹಕ್ಕು.

ಓಡಿಸಿ ನೋಡುವಾಗ ಮ್ಯೂಸಿಕ್ ಸಿಸ್ಟಂ ಆರಿಸಿ, ಗಾಜು ಇಳಿಸಿ. ಏರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಕರಾವಳಿಯ ಕಾರಾದರೆ, ಎಂದರೆ ಕೆಎ 19, ಕೆಎ 20ರ ನಂಬರಾದರೆ, ಪಿಟ್ ಇರುವ ಗ್ಯಾರೇಜಿಗೆ ಒಯ್ದು ತಳ ನೋಡದೆ ಮಾತು ಕೊಡಬೇಡಿ, ಉಪ್ಪುಗಾಳಿಯ ತುಕ್ಕು ನಿಮ್ಮ 800ರ ಕಥೆಯನ್ನೇ ಮತ್ತೆ ಬರೆಸುತ್ತದೆ. ನಿಮಗೆ 42,000ದ ಲೆಕ್ಕ ಹೇಳಿದ ಮೆಕ್ಯಾನಿಕ್ಕನ್ನೇ ಜೊತೆಗೆ ಕರೆದುಕೊಂಡು ಹೋಗಿ. ಹದಿನೇಳು ವರ್ಷ ಒಂದು ಕಾರನ್ನು ಓಡುವಂತೆ ಇಟ್ಟವರ ಕೈ ಅದು. ಅವರ ದಿನದ ಕೂಲಿಯನ್ನು ನೀವೇ ಕೊಡಿ, ಮಾರುವವರ ಕಡೆಯಿಂದ ಕಮಿಷನ್ನಿನ ಮಾತೇ ಬರದಂತೆ.

ನಾಲ್ಕೂವರೆಯನ್ನೂ ಕಾರಿಗೇ ಸುರಿಯಬೇಡಿ. ನಾಲ್ಕರ ಒಳಗೆ ಬೆಲೆ ಮುಗಿಸಿ, ಉಳಿದದ್ದನ್ನು ಹೆಸರು ಬದಲಾವಣೆ, ವಿಮೆ, ಬ್ಯಾಟರಿ, ಟೈರು, ಬ್ರೇಕ್ ಪ್ಯಾಡ್, ಎಲ್ಲ ಆಯಿಲ್‌ಗಳ ಬದಲಾವಣೆಗೆ ಇಟ್ಟುಕೊಳ್ಳಿ. ಚೌಕಾಶಿಯಲ್ಲಿ, ನಾನು ಇಷ್ಟಕ್ಕೆ ಕೊಂಡಿದ್ದೆ ಎಂದು ಅವರು ಹಳೆಯ ಬಿಲ್ ತೋರಿಸಿದರೆ ಒಪ್ಪಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಕಾರಿನ ಬೆಲೆಯನ್ನು ಹೋಲಿಸಬೇಕಾದದ್ದು ಇಂದಿನ ಹೊಸ ಕಾರಿನ ಬೆಲೆಯೊಂದಿಗೆ. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ ಆರ್‌ಟಿಒ ಕೊಟ್ಟ ಅಧಿಕಾರಪತ್ರ ಅವರ ಬಳಿ ಇದೆಯೇ ಎಂದು ಕೇಳಿ. ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾಲೀಕರ ಸಹಿ ನಿಮ್ಮ ಕಣ್ಣೆದುರಿಗೇ ಆಗಲಿ. ಕಾರು ಪಡೆದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ಅದಾಗದ ಹೊರತು ನಿಮ್ಮ ಕಾರಿಗೆ ಆದ ನಷ್ಟವನ್ನು ಕಂಪನಿ ತುಂಬಿಕೊಡದೆ ಹೋಗಬಹುದು.

ಇನ್ನು ಪಕ್ಕದ ಮನೆಯ ಹುಡುಗ. ಅವನ ಮೇಲೆ ನಿಮಗಿರುವ ಅಕ್ಕರೆಯನ್ನು ನಾನು ಪ್ರಶ್ನಿಸುವುದಿಲ್ಲ, ಆದರೆ ಹೆಸರು ಬದಲಾಗದೆ ಕೀ ಕೊಡಬೇಡಿ. ಮಾರಿದ ಮೇಲೆ ಕೈಯಿಂದ ಕೈಗೆ ದಾಟಿಹೋಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಅವನು ಎಲ್ಲೋ ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಮೇಲಾಗಿ, ನಿಮ್ಮ ಕಾಲಡಿಗೆ ಭದ್ರವಲ್ಲದ ನೆಲ ಅವನ ಕಾಲಡಿಗೂ ಭದ್ರವಲ್ಲ. ನನ್ನ ಸಲಹೆ ಕೇಳುವುದಾದರೆ ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು, ಅವರು ಕೊಡುವ ಪ್ರಮಾಣಪತ್ರ ಪಡೆದು, ಆರ್‌ಟಿಒ ಕಚೇರಿಯಲ್ಲಿ ನೋಂದಣಿ ರದ್ದಾದದ್ದನ್ನು ಖಚಿತಪಡಿಸಿಕೊಳ್ಳಿ. ಆ ಪ್ರಮಾಣಪತ್ರಕ್ಕೆ ತೆರಿಗೆಯ ರಿಯಾಯಿತಿ ಸಿಗುವುದು ಹೊಸ ವಾಹನ ಕೊಳ್ಳುವವರಿಗೆ ಮಾತ್ರ, ನಿಮ್ಮ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. 800ಕ್ಕೆ ಪೂರ್ಣ ವಿಮೆ ಇದ್ದು ನೋ ಕ್ಲೇಮ್ ಬೋನಸ್ ಕೂಡಿದ್ದರೆ ಅದು ಮಾತ್ರ ನಿಮ್ಮದೇ ಸ್ವತ್ತು, ಪಾಲಿಸಿ ರದ್ದು ಮಾಡಿಸುವಾಗ ಕಂಪನಿಯಿಂದ ಪತ್ರ ಪಡೆದರೆ ಮುಂದಿನ ಕಾರಿನ ವಿಮೆಗೆ ಹೊಂದುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಆ ಬೋನಸ್ ಇರುವುದಿಲ್ಲ.

ಮನೆಯವರ ಮುಂದಿನ ಭೇಟಿ ಇದೇ ತಿಂಗಳಲ್ಲಿದೆ ಎಂದು ಬರೆದಿದ್ದೀರಿ. ಆ ಒಂದು ಸಲ ಬಾಡಿಗೆ ಕಾರಿನಲ್ಲಿ ಹೋಗಿಬನ್ನಿ, ಅವಸರಕ್ಕೆ ಬಿದ್ದು ಮೊದಲು ಸಿಕ್ಕ ಕಾರಿಗೆ ಮುಂಗಡ ಕೊಡಬೇಡಿ. ಒಂದೆರಡು ಕಾರು ಆಯ್ಕೆಗೆ ನಿಂತ ಮೇಲೆ ಪಾಲಿಸಿಯ ಮತ್ತು ಸರ್ವಿಸ್ ದಾಖಲೆಯ ಪ್ರತಿಗಳನ್ನು ಕಳುಹಿಸಿದರೆ ನಾನೂ ಓದಿ ನೋಡಿ ತಿಳಿಸುತ್ತೇನೆ.

– ಸಂಪಾದಕ